ತೊರವಿ ಸುತ್ತು: ಸಂಗೀತ ಮಹಲ್‌ಗೆ ನಡೆದೇ ಹೋಗಿ

ವಿಜಯಪುರಕ್ಕೆ ಬಂದವರು ಗೋಳಗುಮ್ಮಟ ನೋಡುತ್ತಾರೆ, ಇಬ್ರಾಹಿಂ ರೋಜಾ ನೋಡುತ್ತಾರೆ, ಬಾರಾ ಕಮಾನ್ ಎದುರು ಫೋಟೋ ತೆಗೆಸಿಕೊಂಡು ಸಂಜೆ ಬಸ್ ಹಿಡಿಯುತ್ತಾರೆ. ತೊರವಿ ಕಡೆ ಬರುವವರು ಕಡಿಮೆ. ಬಂದರೂ ಕಾರನ್ನು ಸಂಗೀತ ಮಹಲ್ ಹತ್ತಿರವೇ ನಿಲ್ಲಿಸಿ, ಒಳಗೆ ಒಂದು ಸುತ್ತು ಹಾಕಿ, ಹತ್ತು ನಿಮಿಷದಲ್ಲಿ ವಾಪಸ್. "ಛಾವಣಿನೇ ಇಲ್ಲ, ಏನಿದೆ ಅಲ್ಲಿ ನೋಡೋಕೆ" ಅಂತ ನನ್ನ ಪರಿಚಯದವರೇ ಎಷ್ಟೋ ಜನ ಹೇಳಿದ್ದಾರೆ. ಹಾಗೆ ನೋಡಿದರೆ ಅಲ್ಲಿ ನಿಜಕ್ಕೂ ಏನೂ ಕಾಣುವುದಿಲ್ಲ. ಆ ಮಹಲು ಒಂಟಿ ಕಟ್ಟಡ ಅಲ್ಲ. ಅದು ನವರಸಪುರ ಎಂಬ, ಕಟ್ಟಿ ಮುಗಿಯದ ಒಂದು ಊರಿನ ನಡುಮನೆ. ಆ ಊರಿನ ಗೋಡೆ, ನೀರು, ದಾರಿ ಎಲ್ಲ ಇವತ್ತು ಜೋಳದ ಹೊಲಗಳ ನಡುವೆ ಚದುರಿ ಬಿದ್ದಿವೆ. ಅವನ್ನೆಲ್ಲ ಕಾಲಲ್ಲಿ ನಡೆದು ನೋಡಿದ ಮೇಲೆ ಮಹಲಿನ ಎದುರು ನಿಂತರೆ ಆಗ ಅದು ಅರ್ಥವಾಗುತ್ತದೆ. ಅದಕ್ಕೇ ಈ ಸುತ್ತು.

ಶುರು ಮಾಡುವುದು ತೊರವಿ ಊರಿನಿಂದ. ವಿಜಯಪುರದಿಂದ ಪಶ್ಚಿಮಕ್ಕೆ ಅಥಣಿ ರಸ್ತೆ ಹಿಡಿದರೆ ಸಿಗುತ್ತದೆ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ ಇರುವುದು ಈ ಕಡೆಯೇ, ಹಾಗಾಗಿ ಬಸ್ಸು ಆಟೋ ಎರಡಕ್ಕೂ ತೊಂದರೆ ಇಲ್ಲ. ಊರಿನ ನರಸಿಂಹನ ಗುಡಿ, ಅಲ್ಲಿಂದ ಬಂಡಿ ದಾರಿ ಹಿಡಿದು ಹೊಲಗಳಿಗೆ, ಹಳೇ ನೀರಿನ ಸುರಂಗದ ಜಾಡು, ಸಂಗೀತ ಮಹಲ್, ಆಮೇಲೆ ಕೋಟೆ ಗೋಡೆಯ ತುಂಡುಗಳನ್ನು ನೋಡುತ್ತಾ ದ್ರಾಕ್ಷಿ ತೋಟಗಳ ಪಕ್ಕದಿಂದ ಮತ್ತೆ ರಸ್ತೆಗೆ. ನಿಧಾನವಾಗಿ ನಡೆದರೆ ಅರ್ಧ ದಿನ ಬೇಕು. ಅವಸರ ಇದ್ದರೆ ಹೋಗಲೇಬೇಡಿ.

ಈ ಸಲ ನನ್ನ ಜೊತೆ ತಂಗಿ ಮತ್ತು ಅವಳ ಮಗ ಬಂದಿದ್ದರು. ತಂಗಿ ಹಿಂದೂಸ್ತಾನಿ ಸಂಗೀತ ಕಲಿತವಳು. ಅಳಿಯನಿಗೆ ಈಗ ಐದನೇ ಕ್ಲಾಸು. ಎಳ್ಳ ಅಮಾಸಿ, ಅಂದರೆ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವ ಹಬ್ಬದ ದಿನ ಹೋಗೋಣ ಎಂದು ಬೇಕಂತಲೇ ಗೊತ್ತು ಮಾಡಿದ್ದೆ. ಆ ದಿನ ನಮ್ಮ ಕಡೆ ಹೊಲಗಳು ಹೇಗಿರುತ್ತವೆ ಎಂದು ಈ ಭಾಗದವರಿಗೆ ಹೇಳಬೇಕಿಲ್ಲ.

ನರಸಿಂಹನ ಗುಡಿಯಲ್ಲಿ ದೇವರನ್ನು ನೋಡಲು ಕೆಳಗೆ ಇಳಿಯಬೇಕು. ನೆಲದ ಮಟ್ಟಕ್ಕಿಂತ ತಗ್ಗಿನಲ್ಲಿ, ಗವಿಯ ಹಾಗಿರುವ ಜಾಗ. ಬೇಸಿಗೆಯಲ್ಲೂ ಒಳಗೆ ತಂಪು. ತೊರವೆ ರಾಮಾಯಣ ಹುಟ್ಟಿದ್ದು ಈ ಊರಿನಲ್ಲಿ, ಈ ನರಸಿಂಹನ ಹೆಸರಿನಲ್ಲಿ. ಬರೆದವನು ನರಹರಿ, ಕುಮಾರ ವಾಲ್ಮೀಕಿ ಎಂದು ಕರೆಸಿಕೊಂಡವನು, ಸುಮಾರು 1500ರ ಕಾಲದವನು. ಇಡೀ ರಾಮಾಯಣವನ್ನು ಭಾಮಿನಿ ಷಟ್ಪದಿಯಲ್ಲಿ ಬರೆದ. ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ರಾತ್ರಿ ಹೊತ್ತು ಇದನ್ನು ಓದಿಸಿ, ಅರ್ಥ ಹೇಳಿಸಿ, ಜನ ಕೂತು ಕೇಳುತ್ತಿದ್ದರು. ಆದಿಲ್‌ಶಾಹಿ ಅರಸರು ವಿಜಯಪುರದಲ್ಲಿ ಆಳಲು ಶುರು ಮಾಡಿದ್ದು 1490ರ ಹೊತ್ತಿಗೆ. ಅಂದರೆ ಅತ್ತ ರಾಜಧಾನಿಯಲ್ಲಿ ಹೊಸ ಮನೆತನ ತಳ ಊರುತ್ತಿದ್ದಾಗಲೇ ಇತ್ತ, ಹರದಾರಿ ದೂರದ ಈ ಊರಲ್ಲಿ ಒಬ್ಬ ಕವಿ ಕೂತು ಕನ್ನಡದಲ್ಲಿ ರಾಮಾಯಣ ಹೇಳುತ್ತಿದ್ದ. ಅದಾಗಿ ನೂರು ವರ್ಷಕ್ಕೆ ಇದೇ ಊರಿನ ಪಕ್ಕ ಇನ್ನೊಬ್ಬ ಹಾಡುಗಾರ ಅರಸ ತನ್ನ ಕನಸಿನ ಊರು ಕಟ್ಟಲು ಹೊರಟ. ಈ ಎರಡೂ ಒಂದೇ ನೆಲದ್ದು ಎನ್ನುವುದು ನನಗೆ ತುಂಬಾ ಇಷ್ಟ. ಗುಡಿಯಿಂದ ಮಹಲಿಗೆ ನಡೆದು ಹೋದವರಿಗೆ ಮಾತ್ರ ಇದು ಕಾಲಿಗೇ ಗೊತ್ತಾಗುತ್ತದೆ.

ಊರು ದಾಟಿದರೆ ಎರೆ ಹೊಲ. ಡಿಸೆಂಬರ್ ಕೊನೆ, ಜನವರಿ ಮೊದಲ ವಾರದಲ್ಲಿ ಬಿಳಿಜೋಳ ಆಳೆತ್ತರ ನಿಂತು ತೆನೆ ಹಾಕಿರುತ್ತದೆ. ನಡುನಡುವೆ ಕಡಲೆ, ಅಂಚಿನಲ್ಲಿ ಕುಸುಬಿ. ಕುಸುಬಿ ಮುಳ್ಳು ಮೊಣಕಾಲಿಗೆ ತಾಗುತ್ತದೆ, ಪ್ಯಾಂಟ್ ದಪ್ಪ ಇದ್ದರೆ ಒಳ್ಳೆಯದು. ಬಂಡಿ ದಾರಿ ಎರಡೂ ಬದಿಯ ಜೋಳದ ನಡುವೆ ಹೋಗುವಾಗ ಮುಂದೆ ಏನೂ ಕಾಣುವುದಿಲ್ಲ. ಗಿಳಿ ಹಿಂಡು ತೆನೆ ಮೇಲೆ ಇಳಿಯುತ್ತದೆ, ಯಾರೋ ಡಬ್ಬಿ ಬಡಿಯುತ್ತಾರೆ, ಹಿಂಡು ಎದ್ದು ಪಕ್ಕದ ಹೊಲಕ್ಕೆ ಹೋಗುತ್ತದೆ. ಅಮಾಸಿ ದಿನವಾದ್ದರಿಂದ ಟ್ರ್ಯಾಕ್ಟರ್, ಟಂಟಂ, ಬೈಕು, ಅಲ್ಲೊಂದು ಇಲ್ಲೊಂದು ಎತ್ತಿನ ಬಂಡಿ, ಎಲ್ಲ ಬುತ್ತಿ ಗಂಟುಗಳನ್ನು ಹೊತ್ತುಕೊಂಡು ನಮ್ಮನ್ನು ದಾಟಿ ಹೋಗುತ್ತಿದ್ದವು. ಇಳಕಲ್ ಸೀರೆ ಉಟ್ಟ ಹೆಣ್ಣುಮಕ್ಕಳು ಟ್ರ್ಯಾಕ್ಟರ್ ಟ್ರೇಲಿಯಲ್ಲಿ ಕೂತು ನಮ್ಮನ್ನು ನೋಡಿ "ಎಲ್ಲಿಗಿ ಹೊಂಟೀರಿ, ಹತ್ರಿ ಬರ್ರಿ" ಅಂದರು. ನಡೆಯಲು ಬಂದಿದ್ದೇವೆ ಅಂದಾಗ ಅವರಿಗೆ ನಗು.

ಈಗ ನೀರಿನ ವಿಷಯ. ಈ ಸುತ್ತಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ.

ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದೂ ಎರಡು ಮೂರು ತಿಂಗಳಲ್ಲಿ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಂಥ ನೆಲದ ಮೇಲೆ ದೊಡ್ಡ ರಾಜಧಾನಿ ನಿಲ್ಲಿಸಬೇಕು. ನದಿ ಹತ್ತಿರ ಇಲ್ಲ. ಕೃಷ್ಣೆ ಆ ಕಡೆ, ಭೀಮೆ ಈ ಕಡೆ, ಎರಡೂ ದೂರ. ಹಾಗಾದರೆ ನೀರು ಎಲ್ಲಿಂದ? ಒಂದು ಉತ್ತರ ತೊರವಿ. ಇಲ್ಲಿನ ನೆಲ ಪಟ್ಟಣಕ್ಕಿಂತ ಎತ್ತರದಲ್ಲಿದೆ. ಅದನ್ನು ಗಮನಿಸಿ ಒಂದನೇ ಅಲಿ ಆದಿಲ್‌ಶಾಹನ ಕಾಲದಲ್ಲಿ, ಅಂದರೆ 1558ರಿಂದ 1580ರ ನಡುವೆ, ಇಲ್ಲಿಂದ ಪಟ್ಟಣಕ್ಕೆ ನೆಲದೊಳಗೆ ಸುರಂಗ ತೋಡಿ ನೀರು ಹರಿಸಿದರು. ಸುರಂಗ ಬಾವಡಿ ಎಂದು ಜನ ಕರೆಯುವುದು ಇದನ್ನೇ. ಅವನ ನಂತರ ಬಂದ ಎರಡನೇ ಇಬ್ರಾಹಿಂ ಇದಕ್ಕೆ ಇಟ್ಟಿಗೆ ಕಟ್ಟಿಸಿ ಭದ್ರ ಮಾಡಿಸಿದ.

ಇದು ಕೆಲಸ ಮಾಡುವ ರೀತಿ ಸರಳ, ಆದರೆ ಮಾಡಿದವರ ಲೆಕ್ಕ ಬಲು ಚೊಕ್ಕ. ಎತ್ತರದ ಜಾಗದಲ್ಲಿ ನೀರಿನ ಸೆಲೆ ಸಿಗುವ ತನಕ ಬಾವಿ ತೋಡಬೇಕು. ಆ ಆಳದಿಂದ ತಗ್ಗಿನ ಕಡೆಗೆ ಸುರಂಗ. ಇಳಿಜಾರು ತೀರಾ ಕಡಿಮೆ ಇರಬೇಕು. ಜಾಸ್ತಿ ಆದರೆ ನೀರು ರಭಸದಿಂದ ಹರಿದು ಸುರಂಗವನ್ನೇ ಕೊರೆಯುತ್ತದೆ, ಕಡಿಮೆ ಆದರೆ ನಿಂತು ಹೂಳು ತುಂಬುತ್ತದೆ. ಸುರಂಗ ತೋಡುವಾಗ ಮಣ್ಣು ಮೇಲೆತ್ತಲು, ಒಳಗಿದ್ದವರಿಗೆ ಗಾಳಿ ಸಿಗಲು, ಆಮೇಲೆ ಹೂಳು ತೆಗೆಯಲು ಅಲ್ಲಲ್ಲಿ ನೆಲದ ಮೇಲಿನಿಂದ ನೇರ ಗುಂಡಿಗಳು. ಮೇಲೆ ನಿಂತು ನೋಡಿದರೆ ಸಣ್ಣ ಬಾವಿಯ ಹಾಗೆ ಕಾಣುತ್ತವೆ. ಮೋಟಾರು ಬೇಡ, ಎತ್ತು ಬೇಡ, ನೀರು ತನ್ನ ಪಾಡಿಗೆ ಹರಿದು ಊರು ಸೇರುತ್ತದೆ. ಬಿಸಿಲಿಗೆ ಆರುವುದೂ ಇಲ್ಲ, ಯಾಕೆಂದರೆ ಪೂರ್ತಿ ನೆಲದೊಳಗೆ. ಮುತ್ತಿಗೆ ಹಾಕಿದ ಶತ್ರುವಿಗೆ ಕಾಣುವುದೂ ಇಲ್ಲ. ಕರೇಜ್ ಎಂದು ಇದಕ್ಕೆ ಹೆಸರು, ಪರ್ಷಿಯಾ ಕಡೆಯಿಂದ ಬಂದ ವಿದ್ಯೆ. ಬೀದರ್‌ನಲ್ಲೂ ಇದೆ.

ಈ ಸುರಂಗಗಳು ಹಾದುಹೋದ ನೆಲದ ಮೇಲೆ ಇವತ್ತು ಬೇಸಾಯ ನಡೆಯುತ್ತಿದೆ. ನಡೆಯುತ್ತಾ ಹೋಗುವಾಗ ಅಳಿಯನಿಗೆ ನಾನು ಇದನ್ನೆಲ್ಲ ಹೇಳಿದೆ. ಅವನು ನಿಂತು ಕಾಲಿನಿಂದ ನೆಲ ಗುದ್ದಿ ನೋಡಿದ. "ಮಾಮಾ, ಈಗ ನಮ್ಮ ಕೆಳಗ ನೀರು ಹೊಂಟೈತೇನು?" ಅಂದ. ಈಗ ಹರಿಯುವುದಿಲ್ಲ ಎಂದು ಹೇಳುವಾಗ ನಿಜಕ್ಕೂ ಸಂಕಟವಾಯಿತು. ಬೋರ್‌ವೆಲ್‌ಗಳು ಎಷ್ಟೋ ಆಳಕ್ಕೆ ಇಳಿದಿವೆ. ಸುರಂಗ ಎಷ್ಟೋ ಕಡೆ ಹೂಳು ತುಂಬಿ ಮುಚ್ಚಿದೆ. 2020ರಲ್ಲಿ ದಖ್ಖನಿನ ಹಳೇ ನೀರಿನ ವ್ಯವಸ್ಥೆಗಳು ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್‌ನ ಪಟ್ಟಿಗೆ ಸೇರಿದಾಗ ಸುರಂಗ ಬಾವಡಿಯ ಹೆಸರೂ ಸುದ್ದಿಯಾಯಿತು. ಒಳ್ಳೆಯದೇ. ಆದರೆ ನಮ್ಮ ಊರಿನ ಮಕ್ಕಳಿಗೆ ಇದನ್ನು ನಾವೇ ಕೈಹಿಡಿದು ಕರೆದುಕೊಂಡು ಹೋಗಿ ತೋರಿಸಬೇಕು. ಶಾಲೆಯಿಂದ ಪ್ರವಾಸ ಅಂದರೆ ಆಲಮಟ್ಟಿ ಗಾರ್ಡನ್ನು, ಗೋಳಗುಮ್ಮಟ, ಮುಗಿಯಿತು. ಸುರಂಗದ ಹಾದಿಯ ಮೇಲೆ ಒಂದು ಬೆಳಿಗ್ಗೆ ನಡೆಸಿದರೆ ಭೂಗೋಳ, ಇತಿಹಾಸ, ಗಣಿತ ಎಲ್ಲ ಒಟ್ಟಿಗೇ ಕಲಿಯುತ್ತಾರೆ.

ಜೋಳ ಮುಗಿದು ಕಡಲೆ ಹೊಲ ಶುರುವಾದರೆ ನೋಟ ಒಮ್ಮೆಲೇ ತೆರೆದುಕೊಳ್ಳುತ್ತದೆ. ಕಡಲೆ ಗಿಡ ಮೊಣಕಾಲಿಗೂ ಬರುವುದಿಲ್ಲವಲ್ಲ. ಆಗ ಕಾಣುವುದು ಸಂಗೀತ ಮಹಲ್. ಕೆಲವರು ಸಂಗೀತ ನಾರಿ ಮಹಲ್ ಅನ್ನುತ್ತಾರೆ. ಎತ್ತರದ ಸುತ್ತುಗೋಡೆ, ಅದರ ಒಳಗೆ ನೀರಿನ ಹೊಂಡ, ಹೊಂಡದ ನಡುವೆ ಮಹಲು. ಮುಂದೆ ನಡುವಿನಲ್ಲಿ ಒಂದು ಭಾರೀ ಅಗಲದ ಕಮಾನು, ಎಡಕ್ಕೆ ಬಲಕ್ಕೆ ಅಷ್ಟೇ ಎತ್ತರದ, ಆದರೆ ಕಿರಿದಾದ ಒಂದೊಂದು ಕಮಾನು. ವಿಜಯಪುರದ ಗಗನ ಮಹಲ್ ನೋಡಿದವರಿಗೆ ತಕ್ಷಣ ಗುರುತು ಸಿಗುತ್ತದೆ. 1561ರಲ್ಲಿ ಅಲಿ ಕಟ್ಟಿಸಿದ ಆ ಮಹಲಿನ ನಡುಗಮಾನು 60 ಅಡಿ ಅಗಲ. ಅದೇ ಅಚ್ಚನ್ನು ಇಲ್ಲಿ ಸಣ್ಣದಾಗಿ ತಂದಿದ್ದಾರೆ. ಛಾವಣಿ ಮರದ್ದಿತ್ತು, ಅದು ಎಂದೋ ಹೋಯಿತು. ಉಳಿದಿರುವುದು ಕಲ್ಲು ಮತ್ತು ಸುಣ್ಣದ ಗಾರೆ. ಒಳಗೋಡೆಯಲ್ಲಿ ಗೂಡುಗಳು, ಮೇಲಿನ ಅಂತಸ್ತಿನ ಗುರುತುಗಳು. ಕಮಾನಿನ ಒಳಗೆ ನಿಂತು ಹೊರಗೆ ನೋಡಬೇಕು. ನಾನು ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದು ಅದಕ್ಕೇ. ಅರಸ ಮಳೆಗಾಲದಲ್ಲಿ ಅಲ್ಲಿ ಕೂತು ತುಂಬಿದ ಹೊಂಡವನ್ನು ನೋಡುತ್ತಾ ಹಾಡು ಕೇಳುತ್ತಿದ್ದ ಎಂದುಕೊಂಡರೆ, ಈ ಒಣ ನಾಡಿನಲ್ಲಿ ನೀರಿನ ಮಧ್ಯೆ ಕೂತು ಹಾಡುವುದೇ ದೊಡ್ಡ ಸಿರಿತನ ಎಂದು ಗೊತ್ತಾಗುತ್ತದೆ. ಸುರಂಗದ ದಾರಿಯಲ್ಲಿ ನಡೆದು ಬಂದವರಿಗೆ ಆ ಹೊಂಡ ಬರೀ ಹೊಂಡವಾಗಿ ಕಾಣುವುದಿಲ್ಲ.

ಆ ಅರಸ ಎರಡನೇ ಇಬ್ರಾಹಿಂ ಆದಿಲ್‌ಶಾಹ. ಒಂಬತ್ತು ವರ್ಷದವನಿದ್ದಾಗಲೇ, 1580ರಲ್ಲಿ ಪಟ್ಟಕ್ಕೆ ಬಂದ. ಒಂದನೇ ಅಲಿಯ ಹೆಂಡತಿ ಚಾಂದಬೀಬಿ ಅವನ ಪರವಾಗಿ ರಾಜ್ಯ ನೋಡಿಕೊಂಡಳು. 1627ರ ತನಕ ಆಳಿದ. ಜನ ಅವನನ್ನು ಜಗದ್ಗುರು ಬಾದಶಹಾ ಅಂದರು. ದಖ್ಖನಿ ಭಾಷೆಯಲ್ಲಿ ತಾನೇ ಹಾಡು ಬರೆದು, ಅವಕ್ಕೆ ರಾಗ ಗೊತ್ತು ಮಾಡಿ, ಕಿತಾಬ್-ಎ-ನವರಸ್ ಎಂಬ ಪುಸ್ತಕ ಮಾಡಿದ. ಅದರಲ್ಲಿ ಸರಸ್ವತಿಯನ್ನು ನೆನೆದಿದ್ದಾನೆ, ಗಣಪತಿಯನ್ನು ನೆನೆದಿದ್ದಾನೆ, ಗುಲ್ಬರ್ಗದ ಬಂದೇ ನವಾಜರನ್ನೂ ನೆನೆದಿದ್ದಾನೆ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟಿದ್ದ. ಆನೆಗೆ ಆತಶ್‌ಖಾನ್. ಇಬ್ಬರ ಮೇಲೂ ಹಾಡು ಕಟ್ಟಿದ್ದಾನೆ. 1604ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಬಂದ ಅಸದ್ ಬೇಗ್ ಬರೆದಿರುವುದನ್ನು ಓದಿದರೆ ಇವನು ಎಂಥವನು ಎಂದು ಗೊತ್ತಾಗುತ್ತದೆ. ಅರಸ ಸಂಗೀತದಲ್ಲಿ ಎಷ್ಟು ಮುಳುಗಿದ್ದ ಅಂದರೆ ಕೇಳಿದ ಪ್ರಶ್ನೆಗೆ ಉತ್ತರ ಕೊಡುವುದೂ ಅವನಿಗೆ ಆಗುತ್ತಿರಲಿಲ್ಲವಂತೆ. ಇದೇ ಅಸದ್ ಬೇಗ್ ವಿಜಯಪುರದಿಂದ ತಂಬಾಕು ಒಯ್ದು ಅಕ್ಬರನಿಗೆ ತೋರಿಸಿದವನು.

ಇಬ್ರಾಹಿಂ 1599ರಲ್ಲಿ ಇಲ್ಲಿ ಹೊಸ ಊರು ಕಟ್ಟಲು ಶುರು ಮಾಡಿದ. ಹೆಸರು ನವರಸಪುರ. ಹಾಡುವವರು, ನುಡಿಸುವವರು, ಕುಣಿಯುವವರು, ಕವಿಗಳು ಇರುವ ಊರಾಗಬೇಕು, ರಾಜಧಾನಿಯೇ ಇಲ್ಲಿಗೆ ಬರಬೇಕು ಎನ್ನುವುದು ಅವನ ಆಸೆ. ಸರದಾರರು ಮನೆ ಕಟ್ಟಿಸಿಕೊಂಡರು. ಅರಮನೆ ಎದ್ದಿತು. ಸುತ್ತ ಕೋಟೆ ಗೋಡೆ ಏಳುತ್ತಿತ್ತು. 1624ರಲ್ಲಿ ಅಹಮದ್‌ನಗರದ ಹತ್ತಿರ ಭಾತವಡಿಯಲ್ಲಿ, ಅಲ್ಲಿನ ನಿಜಾಮ್‌ಶಾಹಿ ರಾಜ್ಯದ ದಳವಾಯಿ ಮಲಿಕ್ ಅಂಬರ್ ಮೊಘಲರನ್ನೂ ವಿಜಯಪುರದ ಸೈನ್ಯವನ್ನೂ ಒಟ್ಟಿಗೆ ಸೋಲಿಸಿ, ನೇರ ಇತ್ತ ನುಗ್ಗಿದ. ಪಟ್ಟಣಕ್ಕೆ ಗಟ್ಟಿ ಕೋಟೆ ಇತ್ತು. ನವರಸಪುರದ ಗೋಡೆ ಮುಗಿದಿರಲಿಲ್ಲ. ಲೂಟಿ ಮಾಡಿ ಹಾಳುಗೆಡವಿದ. ಮೂರು ವರ್ಷಕ್ಕೆ ಇಬ್ರಾಹಿಂ ಕೂಡ ತೀರಿಕೊಂಡ. ಆಮೇಲೆ ಈ ಊರನ್ನು ಎತ್ತಿ ನಿಲ್ಲಿಸಲು ಯಾರಿಂದಲೂ ಆಗಲಿಲ್ಲ. ವಿಜಯಪುರದಲ್ಲಿ ಜಿಲ್ಲಾಡಳಿತ ಮಾಡಿದ ನವರಸಪುರ ಉತ್ಸವದ ಹೆಸರು ಬಂದದ್ದು ಇಲ್ಲಿಂದಲೇ.

ಅಲ್ಲಿ ಆ ಹೊತ್ತಿಗೆ ನಾವು ಮೂರೇ ಜನ. ತಂಗಿ ಕಮಾನಿನ ಕೆಳಗೆ ನಿಂತು ಭೂಪಾಲಿ ಶುರು ಮಾಡಿದಳು. ಕಿತಾಬ್-ಎ-ನವರಸ್‌ನಲ್ಲಿ ಇಬ್ರಾಹಿಂ ಬಳಸಿರುವ ರಾಗಗಳಲ್ಲಿ ಭೂಪಾಲಿಯೂ ಒಂದು, ಅದನ್ನು ಬಸ್ಸಿನಲ್ಲೇ ಅವಳಿಗೆ ಹೇಳಿದ್ದೆ. ಬರೀ ಆಲಾಪ, ತಂಬೂರಿ ಇಲ್ಲ, ಫೋನಿನ ಶ್ರುತಿ ಆ್ಯಪ್ ಕೂಡ ಬೇಡ ಅಂದಳು. ಛಾವಣಿ ಇಲ್ಲದಿದ್ದರೂ ಎತ್ತರದ ಗೋಡೆಗಳು ದನಿಯನ್ನು ಹಿಡಿದು ವಾಪಸ್ ಕೊಡುತ್ತಿದ್ದವು. ಪಾರಿವಾಳಗಳು ಗೂಡಿನಿಂದ ಎದ್ದು ಹಾರಿ ಮತ್ತೆ ಬಂದು ಕೂತವು. ಅಳಿಯ ಯಾವತ್ತೂ ಅಮ್ಮ ರಿಯಾಜ್ ಮಾಡುವಾಗ ಬಾಗಿಲು ಹಾಕಿಕೊಳ್ಳುವವನು, ಅವತ್ತು ಗೋಡೆಗೆ ಒರಗಿ ಕೂತು ಪೂರ್ತಿ ಕೇಳಿದ. ಮುಗಿದ ಮೇಲೆ ತಂಗಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಅಣ್ಣಾ, ಇಲ್ಲಿ ವರ್ಷಕ್ಕೊಮ್ಮೆ ಬೆಳಗಿನ ಜಾವ ಬೈಠಕ್ ಮಾಡಬೇಕು. ಮೈಕ್ ಇಲ್ಲದೆ" ಅಂದಳು. ನನಗೂ ಹಾಗೇ ಅನಿಸುತ್ತದೆ. ದೊಡ್ಡ ವೇದಿಕೆ, ಲೈಟು, ಡಿಜೆ ಬೇಡ. ಐವತ್ತು ಜನ ಚಾಪೆ ಹಾಕಿಕೊಂಡು ಕೂತರೆ ಸಾಕು.

ಬೇಸರದ ಮಾತೂ ಹೇಳಿಬಿಡುತ್ತೇನೆ. ಗಾರೆಯ ಮೇಲೆ ಹೆಸರು ಕೆತ್ತಿದ್ದಾರೆ. ಹೃದಯ, ಬಾಣ, ತಾರೀಕು. ಮೂಲೆಗಳಲ್ಲಿ ಬಾಟಲಿ ಚೂರು. ನಾನೂರು ವರ್ಷದ ಸುಣ್ಣದ ಗಾರೆ ಒಂದು ಸಲ ಬಿರುಕು ಬಿಟ್ಟರೆ ಅದರೊಳಗೆ ಮಳೆ ನೀರು ಇಳಿಯುತ್ತದೆ, ಆ ಸಂದಿನಲ್ಲಿ ಅರಳಿ ಬೀಜ ಬಿದ್ದು ಬೇರು ಬಿಡುತ್ತದೆ, ಬೇರು ಕಲ್ಲನ್ನೇ ದೂಡುತ್ತದೆ. ಕೀಲಿಕೈಯಿಂದ ಗೀಚಿದ ಒಂದು ಹೆಸರು ಮುಂದೆ ಒಂದು ಗೋಡೆಯನ್ನು ಬೀಳಿಸಬಹುದು. ದಯವಿಟ್ಟು ಬೇಡ. ಯಾರಾದರೂ ಗೀಚುತ್ತಿದ್ದರೆ ಹತ್ತಿರ ಹೋಗಿ ಸಮಾಧಾನದಿಂದ ಹೇಳಿ. ಕಾಲೇಜು ಹುಡುಗರು ಹೇಳಿದರೆ ಕೇಳುತ್ತಾರೆ, ನಾನು ನೋಡಿದ್ದೇನೆ.

ಮಹಲಿನಿಂದ ಹೊರಬಿದ್ದಾಗ ಬಿಸಿಲು ನೆತ್ತಿಗೆ ಬಂದಿತ್ತು. ಎದುರಿನ ಹೊಲದಲ್ಲಿ ಬನ್ನಿ ಗಿಡದ ಕೆಳಗೆ ಒಂದು ಮನೆತನದವರೆಲ್ಲ ಸೇರಿದ್ದರು. ಐದು ಕಲ್ಲಿಗೆ ಸುಣ್ಣ ಬಳಿದು, ಪಾಂಡವರು ಎಂದು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ ಬಂದು ಆಗಷ್ಟೇ ಊಟಕ್ಕೆ ಕೂರುತ್ತಿದ್ದರು. ಅಲ್ಲಿದ್ದ ಅಜ್ಜಿ ನಮ್ಮನ್ನು ನೋಡಿದ್ದೇ ತಡ, "ಬಾ ಯವ್ವಾ, ಕೂಸಿನ್ನ ಕರಕೊಂಡ ಬಾ. ಅಮಾಸಿ ದಿನ ಹಸದ ಹೋಗಬಾರ್ದ" ಎಂದು ತಂಗಿಯ ಕೈ ಹಿಡಿದುಬಿಟ್ಟಳು. ಬೇಡ ಅನ್ನುವ ಪ್ರಶ್ನೆಯೇ ಇಲ್ಲ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಬು, ಎಣ್ಣೆಗಾಯಿ ಬದನೆಕಾಯಿ, ಪುಂಡಿ ಪಲ್ಯ, ಭಜ್ಜಿ, ಗುರೆಳ್ಳು ಚಟ್ನಿ, ಕೆನೆಮೊಸರು, ಶೇಂಗಾ ಹೋಳಿಗೆ. ರೊಟ್ಟಿ ಕೈಯಲ್ಲಿ ಹಿಡಿದು, ಪಲ್ಯವನ್ನು ಅದರ ಮೇಲೇ ಹಾಕಿಸಿಕೊಂಡು ತಿನ್ನುವುದು. ಅಳಿಯ ಹೋಳಿಗೆ ಮೇಲೆ ಹೋಳಿಗೆ ತಿಂದ. ಅಜ್ಜಿ ಪ್ರತಿ ಸಲ "ಇನ್ನೊಂದ, ಇನ್ನೊಂದ" ಅನ್ನುತ್ತಲೇ ಇದ್ದಳು.

ಮನೆಯ ಯಜಮಾನರ ಜೊತೆ ಮಾತಾಡುತ್ತಾ ಗೋಡೆ ವಿಷಯ ಬಂತು. ಅವರ ಹೊಲದ ಒಂದು ಬದಿಗೆ ಹಳೇ ಕೋಟೆ ಗೋಡೆಯ ತುಂಡಿದೆ. "ನಮ್ಮ ಮುತ್ಯಾನ ಕಾಲದಿಂದಾನೂ ಅದನ್ನ ಬಿಟ್ಟೇ ಹೊಡಿತೀವ್ರಿ. ಕಲ್ಲ ಕಿತ್ತಿದ್ರ ಮನಿ ಕಟ್ಟಬಹುದಿತ್ತ, ಹೊಲಾನೂ ನಾಕ ಸಾಲ ಹೆಚ್ಚಿಗಿ ಬರ್ತಿತ್ತ. ಆದ್ರ ಅದು ನಮ್ದಲ್ಲಲ್ಲ" ಅಂದರು. ಅದು ನಮ್ದಲ್ಲಲ್ಲ. ಎಷ್ಟು ಸಹಜವಾಗಿ ಹೇಳಿದರು ಅಂದರೆ ನನಗೆ ಕಣ್ಣು ತುಂಬಿ ಬಂತು. ತಲೆಮಾರುಗಳಿಂದ ಕುಂಟೆ ತಿರುಗಿಸಿಕೊಂಡು, ನೇಗಿಲು ತಿರುಗಿಸಿಕೊಂಡು, ಈಗ ಟ್ರ್ಯಾಕ್ಟರ್ ತಿರುಗಿಸಿಕೊಂಡು ಆ ಗೋಡೆಯನ್ನು ಉಳಿಸಿದ್ದಾರೆ. ಇವರ ಹೆಸರು ಯಾವ ಫಲಕದಲ್ಲೂ ಇಲ್ಲ. ನವರಸಪುರ ಇಷ್ಟಾದರೂ ಉಳಿದಿದ್ದರೆ ಅದಕ್ಕೆ ಇಂಥ ಒಕ್ಕಲು ಮನೆತನಗಳು ಕಾರಣ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಊಟ ಆದ ಮೇಲೆ ಅವರೇ ಬಂದು ಗೋಡೆ ತೋರಿಸಿದರು. ಕರಿಕಲ್ಲಿನ ದಪ್ಪ ಗೋಡೆ, ಮೇಲೆ ಜಾಲಿ ಬೆಳೆದಿದೆ, ಒಂದು ಕಡೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಬರೀ ತೊಗರಿ. ಗೋಡೆ ಹೋಗುತ್ತಿದ್ದ ದಿಕ್ಕು ಹಿಡಿದು ಕಣ್ಣು ಹಾಯಿಸಿದರೆ ಎಷ್ಟು ದೊಡ್ಡ ಊರು ಮಾಡಬೇಕೆಂದಿದ್ದ ಎನ್ನುವ ಅಂದಾಜು ಸಿಗುತ್ತದೆ.

ಅಲ್ಲಿಂದ ರಸ್ತೆ ತನಕ ದ್ರಾಕ್ಷಿ ತೋಟಗಳು. ಈ ಭಾಗವನ್ನು ಬೇಗ ದಾಟಬಹುದು. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಬಳ್ಳಿಗಳಲ್ಲಿ ಎಳೆ ಗೊಂಚಲು ಇಳಿಬಿದ್ದಿರುತ್ತವೆ, ಹುಳಿ ಹುಳಿ. ಕೊಯ್ಲು ಫೆಬ್ರವರಿ ಹೊತ್ತಿಗೆ ಶುರುವಾಗುತ್ತದೆ, ಆಮೇಲೆ ಒಣದ್ರಾಕ್ಷಿ ಶೆಡ್‌ಗಳು ತುಂಬುತ್ತವೆ. ತೋಟದೊಳಗೆ ಕೇಳದೆ ಕಾಲಿಡಬೇಡಿ, ಔಷಧಿ ಹೊಡೆದಿರುತ್ತಾರೆ. ಬದುವಿನ ಮೇಲೆ ನಡೆದರೆ ಯಾರೂ ಏನೂ ಅನ್ನುವುದಿಲ್ಲ.

ಹೋಗುವವರಿಗೆ ಇಷ್ಟು. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೇ ಕಾಲ. ಮಳೆಗಾಲದಲ್ಲಿ ಹೊಂಡದಲ್ಲಿ ನೀರು ಇರಬಹುದು, ಆದರೆ ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಕಾಲು ಎತ್ತಲು ಬಿಡುವುದಿಲ್ಲ. ಮಾರ್ಚ್ ದಾಟಿದರೆ ಬಿಸಿಲು ತಡೆಯಲು ಆಗದು. ಬೆಳಿಗ್ಗೆ ಏಳಕ್ಕೆ ತೊರವಿಯಲ್ಲಿರಿ. ನೀರು ಜಾಸ್ತಿ ಇಟ್ಟುಕೊಳ್ಳಿ, ಬೂಟು ಹಾಕಿಕೊಳ್ಳಿ. ಬಂಡಿ ದಾರಿಗಳು ಕವಲೊಡೆಯುವಲ್ಲಿ ಫೋನಿನ ಮ್ಯಾಪ್‌ಗಿಂತ ಹೊಲದಲ್ಲಿದ್ದವರನ್ನು ಕೇಳುವುದು ವಾಸಿ. ಆದಿಲ್‌ಶಾಹಿ ಸರದಾರ ಅಫಜಲಖಾನನ ಹೆಂಡತಿಯರದು ಎಂದು ಹೇಳುವ ಗೋರಿಗಳು, ಸಾಠ್ ಕಬರ್ ಕೂಡ ಈ ಕಡೆಯೇ ಇದೆ. ಆದರೆ ಅದನ್ನು ಇದೇ ದಿನಕ್ಕೆ ಸೇರಿಸಬೇಡಿ. ಅದರ ಕಥೆ ಬೇರೆ, ಮನಸ್ಸಿನ ಮೇಲೆ ಅದರ ಭಾರವೂ ಬೇರೆ. ಇನ್ನೊಂದು ದಿನ ಅದಕ್ಕಾಗಿಯೇ ಹೋಗಿ. ಎಳ್ಳ ಅಮಾಸಿ ದಿನವೇ ಹೋಗುವುದಾದರೆ ಬುತ್ತಿ ಕಟ್ಟಿಕೊಳ್ಳದಿದ್ದರೂ ನಡೆಯುತ್ತದೆ, ಆದರೆ ಬರಿಗೈಯಲ್ಲಿ ಹೋಗಬೇಡಿ. ಒಂದೆರಡು ಡಜನ್ ಬಾಳೆಹಣ್ಣು ಚೀಲದಲ್ಲಿರಲಿ, ಪ್ರತಿ ಹೊಲದಲ್ಲೂ ಮಕ್ಕಳಿರುತ್ತಾರೆ.